ಗಾಳದ ದಾರ ಬಿಚ್ಚಿದ ಸೈಕಲ್ಲು

ಅರ್ಧ ಸವೆದ ವಸ್ತುವನ್ನು ಎಸೆಯುವವರನ್ನು ಕಂಡರೆ ನನಗಾಗದು. ಯಾವ ವಸ್ತುವೂ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ ಎಂಬುದು ನಾನು ಬಹಳ ಕಾಲ ಕಣ್ಣಿಟ್ಟು ನೋಡಿ ಕಂಡುಕೊಂಡ ಸತ್ಯ. ಅಂಗಿಯ ಕಾಲರು ಹೊರಮೈಯಲ್ಲಿ ಹರಿಯುತ್ತದೆ, ಒಳಮೈ ಹೊಸದರಂತೆಯೇ ಇರುತ್ತದೆ. ದರ್ಜಿಯ ಹತ್ತಿರ ಬಿಚ್ಚಿಸಿ ಹೊಳ್ಳಿಸಿ ಹಾಕಿಸಿದರೆ ಅದೇ ಅಂಗಿ ಮತ್ತೆ ಮದುವೆ ಮನೆಗೆ ಹೋಗುತ್ತದೆ. ಹಾಸಿಗೆಯ ಚಾದರು ನಡುವೆ ತೆಳ್ಳಗಾಗುತ್ತದೆ, ಅಂಚುಗಳು ಗಟ್ಟಿಯಾಗಿರುತ್ತವೆ. ನಡುವೆ ಸೀಳಿ, ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಚಾದರಿಗೆ ಎರಡನೆಯ ಜನ್ಮ. ನಡುವಿನ ಹೊಲಿಗೆ ಬೆನ್ನಿಗೆ ಒತ್ತುತ್ತದೆ ಎಂದು ಕೆಲವರು ದೂರುತ್ತಾರೆ. ಅಂಥವರು ಮಲಗುವಾಗ ಹೊರಳಾಡುವ ಅಶಿಸ್ತಿನ ಜನ. ನೆಟ್ಟಗೆ ಒಂದು ಬದಿಗೆ ಮಲಗುವವನಿಗೆ ಹೊಲಿಗೆಯ ಕಾಟವಿಲ್ಲ. ಒಮ್ಮೆ ನಮ್ಮಾಕೆ ಅಂಥ ಚಾದರನ್ನು ಝಾಡಿಸುತ್ತ, "ನಿಮ್ಮನ್ನೂ ಒಂದ್ಸಲ ಬಿಚ್ಚಿ ಹೊಳ್ಳಿಸಿ ಹೊಲಿಸಬೇಕ್ರಿ, ಒಳಗ ಏನರ ಹೊಸಾದ ಇದ್ದೀತು" ಎಂದಳು. ನಾನು ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡಿದ್ದೇನೆ.

ನಾನು ಡ್ರಿಲ್ ಮಾಸ್ತರ. ನಿವೃತ್ತನಾಗಿದ್ದೇನೆಂದು ಜನ ಹೇಳುತ್ತಾರೆ, ಆದರೆ ಸೀಟಿ ಇನ್ನೂ ಕೊರಳಲ್ಲೇ ಇದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಕೊನೆಗೆ ಇಂಡಿ, ಹೀಗೆ ನಾಲ್ಕು ಊರುಗಳ ಹೈಸ್ಕೂಲು ಮೈದಾನದ ಧೂಳನ್ನು ನನ್ನ ಬೂಟುಗಳು ನೋಡಿವೆ, ನೋಡಿದ ದಿನವೇ ಝಾಡಿಸಿಕೊಂಡೂ ಇವೆ. ಮನೆಯಲ್ಲಿ ಪ್ರತಿಯೊಂದಕ್ಕೂ ಜಾಗವಿದೆ, ವೇಳೆಯಿದೆ. ಕಂದೀಲಿನ ಗಾಜು ಬೆಳಕಿರುವಾಗಲೇ ಒರೆಸಬೇಕು. ಕೊಡೆ ಮಡಚುವ ಮೊದಲು ಒಣಗಬೇಕು. ರವಿವಾರ ನನಗೂ ನನ್ನ ಸೈಕಲ್ಲಿಗೂ ಎಣ್ಣೆ, ಮೊದಲು ಸೈಕಲ್ಲಿಗೆ. ಆ ಸೈಕಲ್ಲಿನ ಮೇಲೆ ಇದುವರೆಗೆ ಬೇರೆ ಯಾರೂ ಕುಳಿತಿಲ್ಲ. ಕೂಡ್ರಲು ಕೇಳಿದವರಿಗೆಲ್ಲ ನಾನು ನಡೆಯುವುದರಿಂದ ದೇಹಕ್ಕಾಗುವ ಲಾಭಗಳನ್ನು ವಿವರಿಸಿ ಕಳಿಸಿದ್ದೇನೆ. ಇಷ್ಟೆಲ್ಲ ಶಿಸ್ತಿನ ನನ್ನ ಮನೆಯಲ್ಲಿ ಅಶಿಸ್ತಿನ ಒಂದೇ ಒಂದು ವಸ್ತು ಬಹಳ ವರ್ಷ ಪಡಸಾಲೆಯ ಮೊಳೆಗೆ ತೂಗಾಡುತ್ತಿತ್ತು. ಅದು ಮೀನು ಹಿಡಿಯುವ ಗಾಳದ ಗಿರಕಿ.

ನಮ್ಮದು ಮೀನಿನ ಚಿತ್ರವಿದ್ದ ಕ್ಯಾಲೆಂಡರನ್ನೂ ಅಡುಗೆಮನೆಯೊಳಗೆ ತರದ ಮನೆ. ಅಂಥಲ್ಲಿಗೆ ಗಿರಕಿ ಬಂದದ್ದು ಹೀಗೆ. ಮುದ್ದೇಬಿಹಾಳದಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ನದಿಯ ಅಳತೆಯ ಕೆಲಸಕ್ಕೆ ಬಂದ ಒಬ್ಬ ಇಂಜಿನಿಯರರಿದ್ದರು. ವಾರವೆಲ್ಲ ಹೊಳೆಯನ್ನು ಅಳೆದು, ರವಿವಾರ ಅದೇ ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕೂಡ್ರುವವರು. ವರ್ಗವಾಗಿ ಹೋಗುವಾಗ ಬಿದಿರಿನ ಕೋಲನ್ನು ಮುರಿದು ಒಲೆಗೆ ಹಾಕಿ, ಗಿರಕಿಯನ್ನು ಮಾತ್ರ ನನ್ನ ಕೈಗಿಟ್ಟು, "ಇಷ್ಟು ಒಳ್ಳೆಯ ಯಂತ್ರ, ಇಟ್ಟುಕೊಳ್ಳಿ ಮಾಸ್ತರೇ, ನಿಮ್ಮಷ್ಟು ಚೊಕ್ಕಟವಾಗಿ ಕಾಪಾಡುವವರು ಯಾರಿದ್ದಾರೆ" ಎಂದರು. ಹೊಗಳಿಕೆಯೊಂದಿಗೆ ಬಂದ ವಸ್ತುವನ್ನು ಬೇಡವೆನ್ನುವ ಶಕ್ತಿ ನನಗಿಲ್ಲ. ಹಿತ್ತಾಳೆಯ ಚಕ್ರ, ಕರಿಯ ಹಿಡಿಕೆ, ತಿರುಗಿಸಿದರೆ ಟಿಕಟಿಕ ಎಂಬ ಸದ್ದು, ಅದರ ತುಂಬ ಒತ್ತೊತ್ತಾಗಿ ಸುತ್ತಿದ ನೈಲಾನ್ ದಾರ. ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದೆ.

"ಅದೇನ್ರಿ ಕೈಯಾಗ?" ಎಂದಳು ನಮ್ಮಾಕೆ.

"ಗಿರಕಿ."

"ಯಾತರ ಗಿರಕಿ?"

"ದಾರದ್ದು."

"ಯಾತರ ದಾರ?"

ನಾನು ಸುಳ್ಳು ಹೇಳುವವನಲ್ಲ. ಆ ದಿನ ಗಿರಕಿಗೆ ಸೀಗೆಕಾಯಿ, ಬೂದಿ, ಹುಣಸೆಹುಳಿ ಮೂರರ ಸ್ನಾನವೂ ನನಗೆ ಬರಿಯ ತಣ್ಣೀರಿನ ಸ್ನಾನವೂ ಆದವು. ಆಮೇಲೆ ಒಂದು ಒಪ್ಪಂದ ಏರ್ಪಟ್ಟಿತು. ಗಿರಕಿ ಪಡಸಾಲೆಯ ಮೊಳೆಯಲ್ಲಿ, ಬಿಸಿಲು ಬೀಳುವಲ್ಲಿ, ಸದಾ ಇರಬೇಕು. ನಡುಮನೆಯ ಹೊಸ್ತಿಲು ದಾಟಿದರೆ ನಮ್ಮಾಕೆ ತವರಿಗೆ ಹೋಗುವ ಹೊಸ್ತಿಲು ದಾಟುತ್ತಾಳೆ.

ಅದು ಪ್ರಯೋಜನಕ್ಕೆ ಬಂದದ್ದು ಬಾಗೇವಾಡಿಯಲ್ಲಿ. ನಮ್ಮ ಹೆಡ್ ಮಾಸ್ತರರು ಶಾಲೆಯ ಬಾವಿ ಎಷ್ಟು ಸ್ವಚ್ಛವಿದೆ ಎಂದು ಬಗ್ಗಿ ನೋಡಲು ಹೋಗಿ ಕನ್ನಡಕವನ್ನು ಬಾವಿಗೆ ಒಪ್ಪಿಸಿದರು. ಓಣಿಯಿಂದ ಪಾತಾಳಗರಡಿ ತಂದರು. ಬಾವಿಗೆ ಬಿದ್ದ ಕೊಡ, ಬಕೀಟುಗಳನ್ನು ತೆಗೆಯುವ ಈ ಕಬ್ಬಿಣದ ಕೊಕ್ಕೆಗಳ ಗೊಂಚಲು ನಮ್ಮ ಕಡೆ ಓಣಿಗೊಂದು ಇದ್ದೇ ಇರುತ್ತದೆ. ಆದರೆ ಬೆರಳು ಗಾತ್ರದ ಕೊಕ್ಕೆಗೆ ಕನ್ನಡಕದ ಕಡ್ಡಿ ಎಲ್ಲಿ ಸಿಕ್ಕೀತು? ಆಗ ನನಗೆ ಗಿರಕಿ ನೆನಪಾಯಿತು. ದಾರದ ತುದಿಗೆ ಸಣ್ಣ ಕೊಕ್ಕೆಯೊಂದನ್ನೂ ಭಾರಕ್ಕೆ ಒಂದು ನಟ್ಟನ್ನೂ ಕಟ್ಟಿ ಇಳಿಬಿಟ್ಟೆ. ಕನ್ನಡಕ ಮೇಲೆ ಬಂತು. ಹೆಡ್ ಮಾಸ್ತರರು ಅದನ್ನು ಹಾಕಿಕೊಂಡು ಮೊದಲು ನೋಡಿದ್ದು ನನ್ನನ್ನು. ಅಂಥ ಪ್ರೀತಿಯಿಂದ ಅವರು ಹಿಂದೆಂದೂ ನೋಡಿರಲಿಲ್ಲ. ಸಿಂದಗಿಗೆ ಬರುವಷ್ಟರಲ್ಲಿ ನನ್ನ ಖ್ಯಾತಿ ನನಗಿಂತ ಮೊದಲೇ ಬಸ್ಸಿಳಿದಿತ್ತು. ಅಲ್ಲಿ ಒಂದು ಮಗುವಿನ ಕಾಲ್ಗಡಗ, ಮದುವೆಯ ಮನೆಯೊಂದರ ಸೌಟು, ಅರ್ಚಕರೊಬ್ಬರ ಗಂಟೆಯ ನಾಲಿಗೆ, ಎಲ್ಲ ಬಾವಿಯಿಂದ ಎದ್ದು ಬಂದವು. ಒಂದೂ ಮೀನು ಹಿಡಿಯದೆ ಇಷ್ಟು ಹೆಸರು ಮಾಡಿದ ಗಾಳ ಈ ಸೀಮೆಯಲ್ಲಿ ಬೇರೊಂದಿಲ್ಲ.

ಆದರೆ ವರ್ಷಗಟ್ಟಲೆ ಬಿಸಿಲಲ್ಲಿ ತೂಗಿದ ದಾರಕ್ಕೆ ಮುಪ್ಪು ಬಂತು. ಹೊರಗಿನ ಸುತ್ತುಗಳು ಹಳದಿಯಾಗಿ, ಗಡುಸಾಗಿ, ಬಿಚ್ಚಿದರೆ ಸ್ಪ್ರಿಂಗಿನಂತೆ ಸುರುಳಿ ಸುರುಳಿಯಾಗಿ ನಿಲ್ಲುತ್ತಿದ್ದವು. ಗಿರಕಿಯನ್ನು ಓರೆ ಹಿಡಿದು ನೋಡಿದರೆ ಒಳಗಿನ ಸುತ್ತುಗಳು ಮಾತ್ರ ಬಿಸಿಲು ಕಾಣದೆ ಗಾಜಿನಂತೆ ಹೊಳೆಯುತ್ತಿದ್ದವು. ನನ್ನಂಥವನಿಗೆ ಇನ್ನೇನು ಬೇಕು? ಕಾಲರಿನ ಸಿದ್ಧಾಂತವೇ ಇಲ್ಲಿಗೂ. ದಾರವನ್ನು ಪೂರ್ತಿ ಬಿಚ್ಚಿ ತಿರುವು ಮುರುವಾಗಿ ಸುತ್ತಬೇಕು, ಹಳೆಯದು ಒಳಗೆ, ಹೊಸದು ಹೊರಗೆ.

ಹೇಳುವುದು ಸುಲಭ. ಕೈಯಿಂದ ಎಳೆದು ನೆಲದ ಮೇಲೆ ಹಾಕುತ್ತ ಹೋದೆ. ಅದು ಹಾವಿನ ಮರಿಗಳಂತೆ ಒಂದರೊಳಗೊಂದು ಹೊಕ್ಕು, ನಡುವೆ ಓಣಿಯ ಒಂದು ಕೋಳಿಯನ್ನೂ ಸೇರಿಸಿಕೊಂಡಿತು. ಕೋಳಿಯನ್ನು ಬಿಡಿಸಿದ್ದು ಬೇಗ, ದಾರವನ್ನು ಬಿಡಿಸಿ ಮತ್ತೆ ಗಿರಕಿಗೆ ಸುತ್ತಿದ್ದು ಬಹಳ ನಿಧಾನ. ಬಾಟಲಿಗೆ ಸುತ್ತಿದೆ, ಜಾರಿತು. ನೂಲುವ ರಾಟಿಗೆ ಕಟ್ಟಿದೆ. ಹತ್ತಿಯ ಎಳೆ ನೂಲಿ ಅಭ್ಯಾಸವಾಗಿದ್ದ ಆ ಸಾಧು ಯಂತ್ರ ನೈಲಾನಿನ ಬಿಗುವಿಗೆ ಹೆದರಿ ಪಟ್ಟಿಯನ್ನೇ ಕಳಚಿ ಕೊಟ್ಟಿತು. ಬೀಸುವ ಕಲ್ಲಿನ ಗೂಟಕ್ಕೆ ಕಟ್ಟಿ ತಿರುಗಿಸುವ ಯೋಜನೆಯೂ ಇತ್ತು. ನಮ್ಮಾಕೆ ಬಾಗಿಲಲ್ಲಿ ನಿಂತು, "ಜ್ವಾಳ ಬೀಸೂ ಕಲ್ಲಿಗೆ ಮೀನದ ದಾರ ಕಟ್ರಿ, ನಾಳಿಂದ ಹಿಟ್ಟು ನೀವ ಬೀಸ್ರಿ" ಎಂದು ಶಾಂತವಾಗಿ ಹೇಳಿದ್ದರಿಂದ ಅದನ್ನು ಕೈಬಿಟ್ಟೆ. ಹೊಲಿಗೆ ಯಂತ್ರದಲ್ಲಿ ಬಾಬಿನ್ನಿಗೆ ದಾರ ಸುತ್ತುವ ಚಕ್ರವೊಂದಿದೆಯಲ್ಲ, ಅವಳು ಬಜಾರಕ್ಕೆ ಹೋದಾಗ ಅದನ್ನೂ ಪರೀಕ್ಷಿಸಿದೆ. ನಾಲ್ಕು ಮೊಳ ಸುತ್ತುವಷ್ಟರಲ್ಲಿ ಬಾಬಿನ್ ತುಂಬಿತು. ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಅವಳು ಬಂದಳು. ಆ ಸಂಜೆಯ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ದಾರ ಹೊಳ್ಳದೆಯೇ ಗಿರಕಿ ಮೊಳೆಗೆ ಮರಳಿತು.

ಹೀಗಿರುವಾಗ ಈ ಬೇಸಿಗೆಯಲ್ಲಿ, ಅಮಾವಾಸ್ಯೆಯ ಮರುದಿನ ಮಧ್ಯಾಹ್ನ, ಪಕ್ಕದ ಮನೆಯ ನೀಲಾ ಹಿತ್ತಲ ಬಾಗಿಲಿಂದ ಅಳುತ್ತ ಬಂದಳು. ನೀಲಾ ಗೌರವ್ವನವರ ಸೊಸೆ. ಗೌರವ್ವ ಎಂದರೆ ಇಡೀ ಓಣಿಗೆ ಕೀಲಿಕೈಗಳ ಸದ್ದು. ಬೆಳ್ಳಿಯ ಕೊಂಡಿಗೆ ಸಿಕ್ಕಿಸಿದ ಒಂದು ಗೊಂಚಲು ಅವರ ಸೊಂಟದಲ್ಲಿರುತ್ತದೆ. ಸಂದೂಕು, ಕಾಳಿನ ಕೋಣೆ, ತುಪ್ಪದ ಕಪಾಟು ಎಲ್ಲದರ ಆಡಳಿತವೂ ಅದರಲ್ಲಿದೆ. ಅವರು ಅಮಾವಾಸ್ಯೆಗೆಂದು ಲಚ್ಯಾಣದ ಮಠಕ್ಕೆ ಹೋಗಿದ್ದರು. ಮಗ ಚನ್ನಪ್ಪ ಅಡತಿ ವ್ಯಾಪಾರದ ಕೆಲಸಕ್ಕೆ ಸಿಂದಗಿಗೆ ಹೋಗಿದ್ದ.

"ಕಾಕೂ, ನಾ ಕೆಟ್ಟೆ" ಎಂದು ನೀಲಾ ನಮ್ಮಾಕೆಯ ಕೈ ಹಿಡಿದಳು. "ಕೀಲಿ ಗೊಂಚಲ ನಮ್ಮ ಹಿತ್ತಲ ಬಾವ್ಯಾಗ ಬಿತ್ರಿ. ನೀರ ಸೇದಾಕ ಬಗ್ಗಿದ್ದೆ, ನಡುವಿನಿಂದ ಜಾರಿ ಹೋತು."

"ನಿನ್ನ ಕೈಯಾಗ ಹೆಂಗ ಬಂತ ಅದು?" ಎಂದಳು ನಮ್ಮಾಕೆ. ಗೊಂಚಲು ಬಿದ್ದದ್ದಕ್ಕಿಂತ ಅದು ಗೌರವ್ವನ ಸೊಂಟ ಬಿಟ್ಟು ಹೊರಟದ್ದೇ ಅವಳಿಗೆ ದೊಡ್ಡ ಸುದ್ದಿ.

"ಅತ್ತಿನ ಕೊಟ್ಟು ಹೋದ್ರರಿ. ಲಗ್ನ ಆಗಿ ಬಂದಾಗಿಂದ ಇದ ಮೊದಲನೇ ಸಲ. 'ಒಂದಿನ ಸಂಭಾಳಿಸ್ತಿಯೋ ಇಲ್ಲೋ ನೋಡೂಣು' ಅಂದ್ರು. ಸಂಜಿ ಗಾಡಿಗೆ ಬರ್ತಾರ. ಬಂದು ಕೇಳಿದ್ರ ಏನ್ ಹೇಳ್ಲಿ? ಇನ್ನ ಈ ಜಲ್ಮದಾಗ ನನ್ನ ಕೈಯಾಗ ಕೀಲಿ ಕೊಡೂದಿಲ್ರಿ ಅವ್ರು."

ವಿಷಯದ ಗಾಂಭೀರ್ಯ ನನಗೆ ಅರ್ಥವಾಯಿತು. ಬಾವಿಗೆ ಇಳಿಯುವವರನ್ನು ಕರೆಯಬಹುದಿತ್ತು. ಆದರೆ ಒಬ್ಬ ಬಾವಿಗೆ ಇಳಿದರೆ ನೋಡಲು ಓಣಿಯೇ ಸೇರುತ್ತದೆ. ಓಣಿಗೆ ತಿಳಿದದ್ದು ಸ್ಟೇಶನ್ನಿನ ಟಾಂಗಾದವನಿಗೆ ತಿಳಿಯುತ್ತದೆ. ಗೌರವ್ವ ರೈಲು ಇಳಿಯುವ ಮೊದಲೇ ಸುದ್ದಿ ಅವರನ್ನು ಎದುರುಗೊಳ್ಳುತ್ತದೆ. ನಾನು ಎದ್ದು ಮೊಳೆಯಿಂದ ಗಿರಕಿ ತೆಗೆದೆ. "ಅಳಬ್ಯಾಡವಾ ನೀಲಾ. ಕನ್ನಡಿ ತೊಗೊಂಡು ನಡಿ" ಎಂದೆ.

ಬಾವಿಯ ತಳ ನೋಡಲು ಕನ್ನಡಿ ಬೇಕು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಹೊಡೆದರೆ ಬೇಸಿಗೆಯ ತಿಳಿನೀರಿನಲ್ಲಿ ಸೂಜಿ ಬಿದ್ದಿದ್ದರೂ ಕಾಣುತ್ತದೆ. ನಮ್ಮಾಕೆ ಕನ್ನಡಿ ಹಿಡಿದಳು. ತಳದ ಕಲ್ಲಿನ ಮೇಲೆ ಬೆಳ್ಳಿಯ ಕೊಂಡಿ ಮಿಣಕ್ ಎಂದಿತು. ಕೊಕ್ಕೆ ಇಳಿಬಿಟ್ಟೆ. ಸುರುಳಿಗಟ್ಟಿದ ದಾರ ನೆಟ್ಟಗೆ ಇಳಿಯದೆ ಬುಗುರಿಯಂತೆ ಸುತ್ತುತ್ತ ಹೋಯಿತು. ಆದರೂ ಹಳೆಯ ಅನುಭವ, ಕೊಂಡಿಗೆ ಕೊಕ್ಕೆ ಸಿಕ್ಕಿತು. ಟಿಕಟಿಕ ಎಂದು ಸುತ್ತತೊಡಗಿದೆ. ಗೊಂಚಲು ನೀರು ಬಿಟ್ಟು ಮೇಲೆ ಬಂತು. ನೀಲಾ ಕೈ ಚಾಚಿದಳು. ಬಾವಿಯ ಅರ್ಧಕ್ಕೆ ಬಂದಾಗ ದಾರ ಪಟ್ಟೆಂದು ಹರಿಯಿತು. ಕೀಲಿಯೊಂದಿಗೆ ಕೊಕ್ಕೆಯೂ ನಟ್ಟೂ ಬುಳುಕ್ ಎಂದವು.

"ಹೋತು" ಎಂದಳು ನಮ್ಮಾಕೆ.

"ಹೋಗಿಲ್ಲ. ಎಲ್ಲಿ ಐತಿ ಅಂತ ಗೊತ್ತೈತಿ" ಎಂದೆ. ಮೈದಾನದಲ್ಲಿ ಸೋತ ತಂಡಕ್ಕೆ ನಾನು ಹೇಳುತ್ತಿದ್ದುದೂ ಇದೇ ಧಾಟಿಯ ಮಾತು.

ಈ ದಾರ ಹೊಳ್ಳಬೇಕು, ಹೊಳ್ಳದೆ ಗತಿಯಿಲ್ಲ. ಗಿರಕಿ ಹಿಡಿದು ಪಡಸಾಲೆಗೆ ಬಂದೆ. ಬೇಕಾದರೆ ಹೊಲಿಗೆ ಯಂತ್ರ ತೆಗೆದುಕೊಳ್ಳಿ ಎಂದು ನಮ್ಮಾಕೆ ತಾನಾಗಿಯೇ ಹೇಳಿದಳು. ಪರಿಸ್ಥಿತಿ ಎಷ್ಟು ವಿಷಮಿಸಿತ್ತೆಂಬುದು ಓದುಗರಿಗೆ ಇದರಿಂದಲೇ ತಿಳಿಯಬೇಕು. ಆಗ ನನ್ನ ಕಣ್ಣು ಗೋಡೆಗೆ ನಿಂತ ಸೈಕಲ್ಲಿನ ಮೇಲೆ ಬಿತ್ತು. ದಿನಾ ನೋಡುವ ಸೈಕಲ್ಲು, ಅಂದು ಬೇರೆಯೇ ಆಗಿ ಕಂಡಿತು. ಟೈರು ತೆಗೆದ ಗಾಲಿ ಎಂದರೇನು? ಸುತ್ತಲೂ ಅಂಚು, ನಡುವೆ ತಗ್ಗು, ನಡುವಿನ ಕಡ್ಡಿಯ ಮೇಲೆ ಸರಾಗ ತಿರುಗುವ ಚಕ್ರ. ಅದು ದೊಡ್ಡ ಗಿರಕಿಯಲ್ಲದೆ ಮತ್ತೇನು? ಪೆಡಲು ಅದರ ಹಿಡಿಕೆ!

ರವಿವಾರವಲ್ಲದ ದಿನ ನಾನು ಸೈಕಲ್ಲನ್ನು ಕಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದ್ದನ್ನು ಕಂಡು ನಮ್ಮಾಕೆ ಗೋಡೆ ಹಿಡಿದಳು. ಹಿಂದಿನ ಟೈರು, ಟ್ಯೂಬು ಕಳಚಿದೆ. ಗಾಳಿ ಹಾಕುವ ಕೊಳವೆಯ ತೂತಿಗೆ ದಾರದ ತುದಿ ಕಟ್ಟಿದೆ. ಗಿರಕಿಯ ತಡೆ ಸಡಿಲಿಸಿ, ಒದ್ದೆ ಅರಿವೆಯ ನಡುವೆ ದಾರ ಹಾಯುವಂತೆ ನೀಲಾಳ ಕೈಗೆ ಕೊಟ್ಟೆ. ಸೀಟಿ ಊದಿ ಪೆಡಲು ತಿರುಗಿಸಿದೆ.

ಓದುಗರೇ, ಬದುಕಿನಲ್ಲಿ ಕೆಲವು ಸದ್ದುಗಳನ್ನು ಕೇಳಲೆಂದೇ ಕಿವಿ ಇರುತ್ತದೆ. ಸರ್ರ್ ಎಂದು ದಾರ ಗಿರಕಿ ಬಿಟ್ಟು ಗಾಲಿಯ ತಗ್ಗಿನಲ್ಲಿ ಕೂಡ್ರುತ್ತಿತ್ತು. ಒಂದು ಸುತ್ತಿಗೆ ಒಂದು ಮಾರಿಗಿಂತ ಹೆಚ್ಚು! ಬಾಟಲಿ, ರಾಟಿ, ಬಾಬಿನ್ನು ಎಲ್ಲವೂ ಸೋತ ಕೆಲಸ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು. ಗಿರಕಿಯ ಹಿತ್ತಾಳೆಯ ತಳ ಎಷ್ಟೋ ವರ್ಷಗಳ ಮೇಲೆ ಗಾಳಿ ಕಂಡಿತು. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಏನ್ರಿ ಮಾಸ್ತರ, ಸೈಕಲ್‌ದಾಗ ಶಾವಿಗಿ ಹೊಡ್ಯಾಕತ್ತೀರೇನು?" ಎಂದರು. "ಹೌದ್ರಿ, ಬೆಲ್ಲ ಹಾಲು ತೊಗೊಂಡು ಬರ್ರಿ" ಎಂದು ಕಳಿಸಿದೆ. ಅಷ್ಟು ಹುರುಪಿನಲ್ಲಿದ್ದೆ.

ಈಗ ಗಾಲಿಯಿಂದ ಮರಳಿ ಗಿರಕಿಗೆ. ನಾನು ಗಿರಕಿಯ ಹಿಡಿಕೆ ತಿರುಗಿಸಿದಂತೆ ಗಾಲಿ ಹಿಂದಕ್ಕೆ ತಿರುಗಿತು. ಗಾಲಿಯೊಂದಿಗೆ ಪೆಡಲುಗಳೂ ತಾವಾಗಿಯೇ ತಿರುಗಿದವು, ಕಾಣದ ಯಾರೋ ಹಿಮ್ಮುಖವಾಗಿ ಸೊಲ್ಲಾಪುರಕ್ಕೆ ಹೊರಟಂತೆ. ಸುತ್ತಿ ಮುಗಿಸಿ, ಹಣೆ ಒರೆಸಿಕೊಂಡು, ಗಟ್ಟಿ ಇದೆಯೋ ನೋಡಲು ತುದಿ ಹಿಡಿದು ಜಗ್ಗಿದೆ. ಪಟ್ಟೆಂದು ಹರಿಯಿತು.

ನೀಲಾ ತುದಿಯನ್ನು ಬೆಳಕಿಗೆ ಹಿಡಿದಳು. "ಕಾಕಾರ, ಮತ್ತ ಹಳದಿದ ಮ್ಯಾಲ ಬಂದೈತಲ್ರಿ?"

ನೋಡಿದೆ. ಬಂದಿತ್ತು. ಹಳೆಯದು ಮೇಲೆ, ಹೊಸದು ಒಳಗೆ, ಬೆಳಿಗ್ಗೆ ಹೇಗಿತ್ತೋ ಹಾಗೆ. ಇಷ್ಟು ವೈಭವದಿಂದ ಬಿಚ್ಚಿ ಇಷ್ಟು ಅಂದವಾಗಿ ಸುತ್ತಿದ ಮೇಲೂ ದಾರ ಒಂದು ಕೂದಲಿನಷ್ಟೂ ಹೊಳ್ಳಿರಲಿಲ್ಲ.

"ಮಾಟ ಗೀಟ ಏನರ..." ಎಂದಳು ನಮ್ಮಾಕೆ.

ನಾನು ಕಟ್ಟೆಯ ಮೇಲೆ ಕುಳಿತೆ. ಹಿತ್ತಲಿನ ಬೇವಿನ ಗಿಡದ ನೆರಳು ಬಾವಿಯ ಕಡೆಗೆ ಕಾಲು ಚಾಚುತ್ತಿತ್ತು. ನೀಲಾ ಮತ್ತೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಇಂಥ ವೇಳೆಯಲ್ಲಿ ಬೇರೆಯವರು ದೇವರನ್ನು ನೆನೆಯುತ್ತಾರೆ. ನನ್ನ ಬಾಯಿಗೆ ಅಭ್ಯಾಸಬಲದಿಂದ ಬಂದದ್ದು ಡ್ರಿಲ್ಲಿನ ಆಜ್ಞೆ. "ಪೀಛೇ ಮುಡ್" ಎಂದೆ ಮೆಲ್ಲಗೆ. ಮತ್ತೊಮ್ಮೆ "ಪೀಛೇ ಮುಡ್" ಎಂದೆ. ಎಂದವನೇ ಜಿಗಿದು ನಿಂತೆ. ಸಾಲಾಗಿ ನಿಂತ ಹುಡುಗರಿಗೆ ಒಂದು ಸಲ ಹಿಂದೆ ತಿರುಗಿ ಎಂದರೆ ಬೆನ್ನು ತೋರಿಸುತ್ತಾರೆ. ಎರಡನೆಯ ಸಲ ಎಂದರೆ ಮತ್ತೆ ಮುಖ ತೋರಿಸುತ್ತಾರೆ! ಗಿರಕಿಯಿಂದ ಗಾಲಿಗೆ ಒಂದು ಮುಡ್, ಗಾಲಿಯಿಂದ ಗಿರಕಿಗೆ ಎರಡನೆಯ ಮುಡ್. ಮುಖ ಇದ್ದಲ್ಲೇ ಬಂದಿದೆ. ಇನ್ನೊಂದು ಮುಡ್ ಬೇಕು, ಮೂರು ಸಲ ಸುತ್ತಬೇಕು. ಅದಕ್ಕೆ ನಡುವೆ ಇನ್ನೊಂದು ದೊಡ್ಡ ಗಿರಕಿ ಬೇಕು.

"ಇನ್ನೊಂದ ಸೈಕಲ್ ಎಲ್ಲಿಂದ ತರ್ತೀರಿ?" ಎಂದಳು ನಮ್ಮಾಕೆ.

"ಇನ್ನೊಂದ ಸೈಕಲ್ ಯಾಕ? ಇದಕ್ಕ ಮುಂದೊಂದ ಗಾಲಿ ಐತೆಲ್ಲ!"

ಸೈಕಲ್ಲಿಗೆ ಎರಡು ಗಾಲಿ ಏಕೆ ಇಟ್ಟರೆಂದು ಅದನ್ನು ಕಂಡುಹಿಡಿದವರನ್ನು ಕೇಳಿದರೆ ಬೀಳದಿರಲೆಂದು ಎನ್ನುತ್ತಾರೆ. ಪಾಪ, ಅವರಿಗೆ ಪೂರ್ತಿ ತಿಳಿದಿಲ್ಲ. ಮುಂದಿನ ಟೈರೂ ಕಳಚಿತು. ಗಿರಕಿಯಿಂದ ಹಿಂದಿನ ಗಾಲಿಗೆ, ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ, ಮುಂದಿನ ಗಾಲಿಯಿಂದ ಗಿರಕಿಗೆ, ನಾನು ಪ್ರತಿ ಸಲವೂ "ಪೀಛೇ ಮುಡ್" ಎಂದು ಆಜ್ಞೆ ಕೊಡುತ್ತ ಸುತ್ತಿಸಿದೆ. ಮುಂದಿನ ಗಾಲಿಗೆ ಪೆಡಲಿಲ್ಲ. ಕಡ್ಡಿಗಳನ್ನು ಹಿಡಿದು ನಮ್ಮಾಕೆಯೇ ತಿರುಗಿಸಿದಳು. ಜೋಳ ಬೀಸಿದ ಕೈ, ಅದರ ಮುಂದೆ ಗಾಲಿ ಯಾವ ಲೆಕ್ಕ? ಮೀನಿನ ದಾರ ಎಂಬ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಕೊನೆಯ ಸುತ್ತು ಬಿದ್ದಾಗ ಗಿರಕಿಯ ಮೇಲೆ ದಾರ ಬೆಳಗಿದ ಬೆಳ್ಳಿಯಂತೆ ಹೊಳೆಯಿತು. ಕಾಲಿಗೆ ಸುತ್ತಿ ಜಗ್ಗಿದೆ. ಹರಿಯಲಿಲ್ಲ. ನೀಲಾಳೂ ಜಗ್ಗಿದಳು. ದಾರ ಹರಿಯುವ ಬದಲು ನಾನೇ ಬೀಳುವವನಿದ್ದೆ.

ಬಾವಿಗೆ ಓಡಿದೆವು. ಓಡಿದರೇನು, ಬಿಸಿಲು ಬಾವಿಯನ್ನು ಬಿಟ್ಟು ಹೋಗಿತ್ತು. ಬೇವಿನ ನೆರಳು ಹಿತ್ತಲನ್ನೆಲ್ಲ ಮುಚ್ಚಿತ್ತು. ಒಳಗೆ ಬಗ್ಗಿದರೆ ಬರಿಯ ಕತ್ತಲೆ. ಬಿಸಿಲು ಉಳಿದದ್ದು ಮಾಳಿಗೆಯ ಮೇಲೆ ಮಾತ್ರ. ಕಾಣದ ಕೀಲಿಗೆ ಕೊಕ್ಕೆ ಹಾಕುವುದು ಹೇಗೆ? ಆದರೆ ಅಂದು ನನ್ನ ತಲೆಗೆ ಯಾವ ದೇವರು ಒಲಿದಿದ್ದನೋ! ನಮ್ಮಾಕೆಯನ್ನು ದೊಡ್ಡ ಕನ್ನಡಿಯೊಂದಿಗೆ ಮಾಳಿಗೆ ಹತ್ತಿಸಿದೆ. ನೀಲಾಳನ್ನು ಅವಳ ಕುಂಕುಮದ ಪೆಟ್ಟಿಗೆಯ ಕನ್ನಡಿಯೊಂದಿಗೆ ಬಾವಿಯ ದಡದಲ್ಲಿ ನಿಲ್ಲಿಸಿದೆ. ಮೇಲಿನ ಕನ್ನಡಿ ಬಿಸಿಲನ್ನು ಕೆಳಗಿನದಕ್ಕೆ ಕೊಡಬೇಕು, ಕೆಳಗಿನದು ಬಾವಿಗೆ ಹಾಕಬೇಕು.

"ಬಲಕ್ಕ! ಬಲಕ್ಕ!" ಎಂದು ಕೂಗಿದೆ.

"ಯಾರ ಬಲಕ್ರಿ? ನಿಮ್ಮದೋ ನಂದೋ?" ಎಂದು ಮಾಳಿಗೆಯಿಂದ ಉತ್ತರ ಬಂತು. "ಮುದುಕಿನ್ನ ಗ್ವಾಡಿ ಹತ್ತಿಸಿ ಮ್ಯಾಲ ಕವಾಯತು ಬ್ಯಾರೆ."

ಬೆಳಕು ಗೋಡೆ, ಬೇವು, ನನ್ನ ಮುಖ, ಎಮ್ಮೆಯ ಬೆನ್ನು ಎಲ್ಲವನ್ನೂ ಸುತ್ತಾಡಿ ಕೊನೆಗೆ ನೀಲಾಳ ಕುಂಕುಮದ ಕನ್ನಡಿಯಲ್ಲಿ ಕುಳಿತಿತು. ಅವಳು ಮೆಲ್ಲಗೆ ಮಣಿಕಟ್ಟು ಬಾಗಿಸಿದಳು. ಬಾವಿಯ ತಳದಲ್ಲಿ ಒಂದು ರೊಟ್ಟಿಯಗಲ ಬೆಳಕು ಬಿತ್ತು. ಅದರ ನಡುವೆ ಬೆಳ್ಳಿಯ ಕೊಂಡಿ.

ಬೇರೊಂದು ಕೊಕ್ಕೆ, ಬೇರೊಂದು ನಟ್ಟು ಕಟ್ಟಿ ಬಿಟ್ಟ ದಾರ ಈ ಸಲ ಗೆರೆ ಎಳೆದಂತೆ ನೆಟ್ಟಗೆ ಇಳಿಯಿತು. ಕೊಕ್ಕೆ ಕೊಂಡಿಯನ್ನು ಮುಟ್ಟಿತು, ಜಾರಿತು, ಮತ್ತೆ ಮುಟ್ಟಿತು, ಹಿಡಿಯಿತು. ನಾನು ಸುತ್ತತೊಡಗಿದೆ. ಹಿಂದೆ ಹರಿದಿದ್ದ ಎತ್ತರ ಬಂತು. ನೀಲಾಳ ಕನ್ನಡಿ ಓರೆಯಾಗಿ ಬೆಳಕು ಹೋಯಿತು, ಆದರೆ ಇನ್ನು ಬೆಳಕು ಬೇಕಿರಲಿಲ್ಲ. ಕತ್ತಲೆಯಿಂದ ಕೀಲಿಗಳ ಸದ್ದು ಮೇಲಕ್ಕೆ ಬರುತ್ತಿತ್ತು. ಗೌರವ್ವ ಬಾವಿಯೊಳಗಿಂದ ನಡೆದು ಬರುತ್ತಿದ್ದಾರೋ ಎನ್ನುವಂತೆ ನೀಲಾ ತಲೆಯ ಮೇಲೆ ಸೆರಗೆಳೆದುಕೊಂಡಳು. ಗೊಂಚಲು ದಡಕ್ಕೆ ಬಂತು. ಅದರ ಜೊತೆಗೆ ಮೊದಲ ಸಲ ಬಿದ್ದ ಕೊಕ್ಕೆಯೂ ನಟ್ಟೂ! ಕಳೆದುಕೊಂಡದ್ದೆಲ್ಲ ಒಂದೇ ದಾಳಿಯಲ್ಲಿ ಮರಳಿತ್ತು. ನಾನು ಸೀಟಿ ಊದಿದೆ. ನೀಲಾ ನನ್ನ ಕಾಲಿಗೆ ಬಿದ್ದಳು. ನಮ್ಮಾಕೆ ಮಾಳಿಗೆಯಿಂದ ಕನ್ನಡಿ ಬೀಸಿ ನನ್ನ ಕಣ್ಣು ಕುಕ್ಕಿಸಿದಳು. ಅದು ಅವಳು ಹಾರ ಹಾಕುವ ರೀತಿ.

ವಿಜಯೋತ್ಸವ ಮುಗಿಯುವ ಮೊದಲೇ ಓಣಿಯ ತಿರುವಿನಲ್ಲಿ ಟಾಂಗಾದ ಗಂಟೆ ಕೇಳಿಸಿತು. ನೀಲಾ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಓಡಿದಳು. ನಾನು ನಮ್ಮ ಕಟ್ಟೆಗೆ ಬಂದು, ತಲೆಕೆಳಗಾದ ಸೈಕಲ್ಲಿನ ಮುಂದೆ, ಎರಡು ಟೈರು, ಎರಡು ಟ್ಯೂಬುಗಳ ನಡುವೆ ಕುಳಿತೆ. ಗೌರವ್ವ ಇಳಿದರು. ಮೊದಲು ಕಂಡದ್ದು ನಾನೇ.

"ಏನ್ರಿ ಮಾಸ್ತರ, ರಿಟೈರ್ ಆದಿಂದ ಪಂಕ್ಚರ್ ಅಂಗಡಿ ಇಟ್ಟೀರೇನು?"

ಎಂಥ ಗಳಿಗೆ ನೋಡಿ! ನನ್ನ ಜೀವಮಾನದ ಅತಿ ದೊಡ್ಡ ಗೆಲುವು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಸೊಸೆಯ ಮಾನ ಹೋಗುತ್ತದೆ. "ಪಂಕ್ಚರ್ ಆಗಿತ್ರಿ" ಎಂದೆ.

"ಎರಡೂ ಗಾಲಿ?"

"ಎರಡೂ."

"ಒಮ್ಮಿಗೇ?"

"ಒಮ್ಮಿಗೇ."

"ಅಷ್ಟು ಎಣ್ಣಿ ಹಚ್ಚಿ ಮಗಳನ್ನ ಜ್ವಾಪಾನ ಮಾಡಿದಂಗ ಮಾಡ್ತೀರಿ, ಅದಕ್ಕ ದೃಷ್ಟಿ ತಾಗೈತಿ" ಎಂದು ಅವರು ಒಳಗೆ ಹೋದರು. ಅಂಗಳದಲ್ಲಿ ಆಡಿದ ಮಾತು ನಮಗೆ ಕೇಳುತ್ತಿತ್ತು.

"ಎಲ್ಲೈತಿ ಕೀಲಿ? ಹ್ಞಾಂ... ಒದ್ದಿ ಯಾಕಾಗೇತಿ?"

ನಾನೂ ನಮ್ಮಾಕೆಯೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಹುಣಸಿಹಣ್ಣ ಹಚ್ಚಿ ತಿಕ್ಕಿ ತೊಳದೇನ್ರಿ ಅತ್ತಿ" ಎಂದಳು ನೀಲಾ, ದನಿಯಲ್ಲಿ ಎಳ್ಳಷ್ಟೂ ನಡುಕವಿಲ್ಲದೆ. "ಬೆಳ್ಳಿ ಕರ್ರಗಾಗಿತ್ತು."

ಗೊಂಚಲನ್ನು ತಿರುವಿ ನೋಡಿದ ಝಣಝಣ ಸದ್ದು ಕೇಳಿಸಿತು. ಆಮೇಲೆ ಗೌರವ್ವ, "ಇಷ್ಟ ವರ್ಷ ಕಟ್ಕೊಂಡು ತಿರುಗಿದೆ, ನನಗ ಇದ ತಿಳೀಲಿಲ್ಲ ನೋಡು. ಇರ್ಲಿ, ತುಪ್ಪದ ಕಪಾಟಿಂದು ನಿನ್ನ ಕಡೇನ ಇಟ್ಕೊ. ಮುಂದಿನ ಅಮಾಸಿಗೆ ಎಲ್ಲಾ ಕೊಟ್ಟ ಹೋಗ್ತೇನಿ" ಎಂದರು. ನಾನು ಕಟ್ಟೆಯ ಮೇಲೆ ಕುಳಿತೇ ಸೆಲ್ಯೂಟ್ ಹೊಡೆದೆ. ಯಾರಿಗೆ ಎಂದು ಈಗಲೂ ಹೇಳಲಾರೆ. ಇದನ್ನು ಅಚ್ಚಿಗೆ ಕೊಡುವ ಮೊದಲು ನೀಲಾಳನ್ನು ಕೇಳಿದೆ. "ಕೊಡ್ರಿ ಕಾಕಾರ. ಅತ್ತಿಗೆ ಪೇಪರ್ ಓದಿ ಹೇಳಾಕಿ ನಾನ ಅಲ್ರಿ?" ಎಂದಳು. ಆ ಮನೆಯ ಉಳಿದ ಕೀಲಿಗಳೂ ಸುರಕ್ಷಿತ ಕೈಗೇ ಹೋಗುತ್ತವೆ, ಸಂಶಯ ಬೇಡ.

ಮರುದಿನ ಮುಂಜಾನೆ ನಾನು ಬೂಟಿಗೆ ಪಾಲಿಶು ಹಾಕುತ್ತಿದ್ದಾಗ ಗೌರವ್ವ ಚನ್ನಪ್ಪನ ಸೈಕಲ್ಲನ್ನು ಸ್ವತಃ ದೂಡಿಕೊಂಡು ಬಂದು ನನ್ನ ಕಟ್ಟೆಗೆ ಆನಿಸಿದರು. "ಹಿಂದಿನ ಗಾಲಿ ಗಾಳಿ ಹಿಡಿಯೂದಿಲ್ರಿ ಮಾಸ್ತರ. ಎರಡೂ ಗಾಲಿ ಒಮ್ಮಿಗೇ ಮಾಡಿದವರಿಗೆ ಒಂದ ಗಾಲಿ ಏನ್ ದೊಡ್ಡದು?" ಎಂದು ಹೋದರು. ಪಂಕ್ಚರ್ ತಿದ್ದುವುದು ನನಗೆ ಬರುವುದಿಲ್ಲ. ನನ್ನ ಸೈಕಲ್ಲಿಗೆ ಅದು ಆಗಿದ್ದೇ ಇಲ್ಲ. ಆದರೂ ಟ್ಯೂಬು ಹೊರತೆಗೆದು, ಕಬ್ಬಿಣದ ಬುಟ್ಟಿಯಲ್ಲಿ ನೀರು ತುಂಬಿಕೊಂಡು ಕುಳಿತೆ. ಬಾವಿ ಗೆದ್ದವನು ಬುಟ್ಟಿಗೆ ಹೆದರಬಹುದೇ?

ನಮ್ಮಾಕೆ ಚಹಾ ತಂದಿಟ್ಟು ಹೊಸ್ತಿಲ ಮೇಲೆ ಕುಳಿತಳು. ಮೊಳೆಯಲ್ಲಿ ಮಿರಮಿರ ಮಿಂಚುತ್ತಿದ್ದ ಗಿರಕಿಯನ್ನು ಬಹಳ ಹೊತ್ತು ನೋಡಿದಳು.

"ಅಲ್ರಿ" ಎಂದಳು. "ನಾ ರಾತ್ರಿ ಮಲಕೊಂಡಾಗ ವಿಚಾರ ಮಾಡಿದೆ. ದಾರದಾಗ ಮ್ಯಾಲಿನ ಹಳದಿ ಇತ್ತಲ್ಲ, ಅದಷ್ಟನ್ನ ಎಳದು ಹರದು ಒಗದಿದ್ರ? ಒಳಗಿನ ಗಟ್ಟಿದು ಹೆಂಗೂ ಗಿರಕ್ಯಾಗ ಇತ್ತು. ಅದಕ್ಕ ಕೊಕ್ಕಿ ಕಟ್ಟಿದ್ರ ಬಾವಿ ತಳ ಮುಟ್ತಿರಲಿಲ್ಲೇನ್ರಿ? ಸೈಕಲ್ ಯಾಕ ಬೇಕಾತು?"

ನಾನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ಬಹಳ ಗಮನವಿಟ್ಟು ನೋಡತೊಡಗಿದೆ.